ಹಿತ್ತಲ ನರಿ, ಅತ್ತೆಯ ಮುಂಜಾನೆ

ಅತ್ತೆಯನ್ನು ಹಾಸಿಗೆಯಿಂದ ಏಳಿಸುವುದೇ ನನ್ನ ದಿನದ ಮೊದಲ ಕೆಲಸವಾಗಿತ್ತು. ಅಷ್ಟರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಮಾವ ತೀರಿಕೊಂಡ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. "ಏಳ್ರಿ ಅತ್ತಿ, ಚಹಾ ಆರತದ" ಅಂದರೆ, "ಎದ್ದು ಏನ್ ಮಾಡೂದದ ಹೇಳವಾ?" ಅನ್ನುತ್ತಿದ್ದರು. ಗಂಡ ಚಿಂಚವಾಡದ ಕಾರ್ಖಾನೆಗೆ ಬೆಳಗಿನ ಪಾಳಿಗೆಂದು ಆಗಲೇ ಹೋಗಿರುತ್ತಿದ್ದರು. ತಾಯಿಯನ್ನು ಏಳಿಸುವ ಪಾಳಿ ಸೊಸೆಯದು. ಅದಕ್ಕೆ ವಾರದ ರಜೆಯೂ ಇಲ್ಲ.

ಕೋಥರೂಡದಲ್ಲಿ ನಮ್ಮ ಮನೆ ಟೇಕಡಿಯ ಬುಡಕ್ಕಿದೆ. ಗುಡ್ಡಕ್ಕೆ ಇಲ್ಲಿಯ ಮರಾಠಿ ಜನ ಟೇಕಡಿ ಅನ್ನುತ್ತಾರೆ, ಈಗ ನಾವೂ ಹಾಗೇ ಅನ್ನುತ್ತೇವೆ. ಮನೆಯ ಹಿಂದೆ ಸೀರೆ ಒಣಹಾಕುವಷ್ಟು ಹಿತ್ತಲು, ಅದರಾಚೆ ಅಲ್ಲಲ್ಲಿ ಹರಿದ ತಂತಿಬೇಲಿ. ಹೋದ ಚಳಿಗಾಲದಲ್ಲಿ ಗುಡ್ಡದ ಮೇಲೆ ಯಾರದೋ ಕಟ್ಟಡಕ್ಕೆ ಜೆಸಿಬಿ ಬಂತು. ಕೆಳಗೆ ನಮ್ಮ ಹಿತ್ತಲಿಗೆ ನರಿ ಬಂತು.

ಮೊದಲು ನೋಡಿದವರು ಅತ್ತೆ. ಬಚ್ಚಲಿಗೆಂದು ಎದ್ದವರು ಅಡುಗೆಮನೆಯ ಕಿಟಕಿಯಿಂದ ಕೂಗಿದರು. "ಲಗೂನ ಬಾ! ನರಿ ಮಾರಿ ನೋಡು ಬಾ! ಭಾಳ ಛಲೋ ಶಕುನ ಇದು!" ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿದೆ. ಒಂದು ಕಿವಿ ಹರಿದ ಬಡಕಲು ಪ್ರಾಣಿಯೊಂದು ನಮ್ಮ ಕಸದ ಬುಟ್ಟಿ ಮೂಸುತ್ತಿತ್ತು. ನಮ್ಮ ಧಾರವಾಡದ ಕಡೆ ಎದ್ದ ಕೂಡಲೇ ನರಿಯ ಮುಖ ಕಂಡರೆ ಅದೃಷ್ಟ. ಯಾರಿಗಾದರೂ ಏನಾದರೂ ಒಳ್ಳೆಯದಾದರೆ "ಏನ್, ನರಿ ಮಾರಿ ನೋಡಿ ಎದ್ದೀಯೇನು?" ಅಂತ ಚೇಷ್ಟೆ ಮಾಡುತ್ತಾರೆ. ಅವತ್ತು ಗ್ಯಾಸ್ ಸಿಲಿಂಡರ್ ಹೇಳಿದ ದಿನವೇ ಬಂತು, ನಳದಲ್ಲಿ ನೀರು ಜೋರಾಗಿ ಬಂತು. ಎಲ್ಲವೂ ನರಿಯ ಖಾತೆಗೆ ಹೋಯಿತು.

ಮರುದಿನದಿಂದ ಅತ್ತೆ ನನಗಿಂತ ಮೊದಲು ಏಳತೊಡಗಿದರು. ಜಳಕ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಕೋಲು ಊರಿಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನರಿ ಬಂದರೆ ರೊಟ್ಟಿಯ ಚೂರು ಹಾಕಿ, ತಾವೂ ಉಳಿದ ರೊಟ್ಟಿ ತಿನ್ನುತ್ತಿದ್ದರು. ನರಿಯ ರೊಟ್ಟಿಗೆ ತುಪ್ಪ ಬೇರೆ! ನನ್ನ ಆಫೀಸಿನ ಡಬ್ಬಿಯ ರೊಟ್ಟಿಗೆ ಎಂದೂ ಇಲ್ಲದ ತುಪ್ಪ. ಆದರೇನು, ನರಿಯ ದಯದಿಂದ ನಾನೂ ಕೂತು ಬಿಸಿ ಚಹಾ ಕುಡಿಯುವಂತಾಗಿತ್ತು. ಅಂಥ ಸುಖವನ್ನು ಯಾರು ಕೆಡಿಸಿಕೊಳ್ಳುತ್ತಾರೆ?

ಕೆಟ್ಟದ್ದು ಒಂದು ಭಾನುವಾರ. ಪಕ್ಕದ ಮನೆಯ ಕಾಕಾ ಹಿತ್ತಲಲ್ಲಿ ಚಾಪೆ ಹಾಸಿ, ಆಗಷ್ಟೇ ಹೆಜ್ಜೆ ಇಡುತ್ತಿದ್ದ ಮೊಮ್ಮಗಳನ್ನು ಆಡಿಸುತ್ತಿದ್ದರು. ನರಿ ಹಾಡಹಗಲೇ ಬೇಲಿ ನುಸುಳಿ ಬಂದು ಚಾಪೆಯ ಅಂಚಿನಲ್ಲಿ ನಿಂತಿತಂತೆ. ಕೂಗಿದರೂ ಕದಲಲಿಲ್ಲವಂತೆ. ಮಗುವನ್ನು ಎತ್ತಿಕೊಂಡೇ ಅವರು ನಮ್ಮ ಬಾಗಿಲಿಗೆ ಬಂದರು. "ವಹಿನಿ, ಹೇ ಬರೋಬರ ನಾಹೀ," ಅಂದರು. ಅತ್ತಿಗೆ, ಇದು ಸರಿಯಲ್ಲ ಅಂತ. ಜಗಳಗಂಟಿ ಮನುಷ್ಯರಲ್ಲ ಅವರು. ಆದರೆ ಮಾತು ಮುಗಿಯುವವರೆಗೂ ಮಗುವನ್ನು ಕೆಳಗಿಳಿಸಲಿಲ್ಲ.

ಕಾಕಾ ಫೋನ್ ಮಾಡಿ ಪ್ರಾಣಿಗಳನ್ನು ಕಾಪಾಡುವ ಸಂಘದ ಒಬ್ಬ ಹೆಂಗಸನ್ನು ಕರೆಸಿದರು. ಬೋನು ಇಡಿ ಎಂದು ಕಾಕಾರ ಒತ್ತಾಯ. ಆಕೆ ಒಪ್ಪಲಿಲ್ಲ. ಹಿಡಿದು ದೂರ ಬಿಟ್ಟರೆ ಗೊತ್ತಿಲ್ಲದ ಜಾಗದಲ್ಲಿ ಉಳಿಯುವುದು ಕಷ್ಟ, ಇಲ್ಲೇ ಹೀಗೆ ಸಲಿಗೆಯಿಂದ ಓಡಾಡಿಕೊಂಡಿದ್ದರೆ ಯಾರಾದರೂ ವಿಷ ಇಡುತ್ತಾರೆ, ಮನುಷ್ಯರನ್ನು ಕಂಡರೆ ಹೆದರಿ ಓಡುವುದನ್ನು ಮತ್ತೆ ಕಲಿತರಷ್ಟೇ ಬದುಕೀತು ಎಂದು ಮರಾಠಿಯಲ್ಲಿ ಹೇಳಿದರು. ಬುಟ್ಟಿಗೆ ಮುಚ್ಚಳ ಹಾಕಿ, ಬೇಲಿ ಸರಿಮಾಡಿಸಿ, ಏನೂ ತಿನ್ನಲು ಹಾಕಬೇಡಿ, ಬಂದರೆ ತಾಟು ಬಾರಿಸಿ ಓಡಿಸಿ ಎಂದರು. ನಾನು ಒಂದೊಂದನ್ನೇ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ವಿಷ ಅನ್ನುವ ಮಾತಿಗೆ ಮಾತ್ರ ನನ್ನ ಸಹಾಯ ಬೇಕಾಗಲಿಲ್ಲ. ಅದು ಎರಡೂ ಭಾಷೆಯಲ್ಲಿ ಒಂದೇ. ಅತ್ತೆ ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

ಮರುದಿನ ಬೆಳಗ್ಗೆ ಆಫೀಸಿನ ಸೀರೆಯುಟ್ಟು, ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಸೌಟು ಹಿಡಿದು ಹಿತ್ತಲಲ್ಲಿ ನಿಂತೆ. ನರಿ ಬೇಲಿಯಾಚೆ ಕಂಡಿತು. ಜೋರಾಗಿ ಬಾರಿಸಿದೆ. ಅದು ಓಡಲಿಲ್ಲ. ಓಡುತ್ತ ನನ್ನ ಕಡೆಯೇ ಬಂತು! ನಾಲ್ಕು ಮಾರು ದೂರದಲ್ಲಿ ಕೂತು ತುಟಿ ನೆಕ್ಕಿಕೊಂಡಿತು. ಇನ್ನಷ್ಟು ಬಾರಿಸಿದರೆ ಇನ್ನಷ್ಟು ಹತ್ತಿರ ಬಂತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತ ಬಸ್ಸು ತಪ್ಪುತ್ತಿತ್ತು, ಇತ್ತ ನರಿ ನಾಷ್ಟಾಕ್ಕೆ ಕಾಯುತ್ತಿತ್ತು. ಸಾಕಾಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು. "ತಾಟ ಬಾರಿಸಿದ್ರ ಅದು ಹೆಂಗ ಹೋದೀತು? ನೀ ಬಚ್ಚಲದಾಗ ಇದ್ದಾಗ ದಿನಾ ನಾನು ರೊಟ್ಟಿಗೆ ಅದನ್ನ ತಾಟ ಬಾರಿಸೇ ಕರೀತಿದ್ದೆ. ಕರದಾಕಿ ನಾನು. ಓಡಸಾಕೂ ನಾನಽ ಬೇಕು."

ಮಾರನೆಯ ದಿನ ಅವರು ಎಂದಿನಂತೆ ಜಳಕ ಮಾಡಿ, ಸೆರಗು ಹೊದ್ದು, ಮೆಟ್ಟಿಲ ಮೇಲೆ ನಿಂತರು. ತಾಟಿರಲಿಲ್ಲ. ನರಿ ಬಂದು ತನ್ನ ಜಾಗದಲ್ಲಿ ಕೂತಿತು. ಅತ್ತೆ ತಂಬಿಗೆಯ ನೀರನ್ನು ಅದರ ಮೇಲೆ ಚೆಲ್ಲಿದರು. ಅದು ಮೈ ಕೊಡವಿಕೊಂಡು ಮತ್ತೆ ಕೂತಿತು. ಅವರಿಂದ ಕೆಟ್ಟದ್ದಾದೀತು ಎಂಬ ಅನುಮಾನವೇ ಅದಕ್ಕಿರಲಿಲ್ಲ. ಆಗ ಅತ್ತೆ ಊರುಗೋಲನ್ನೇ ಎತ್ತಿ ಬೀಸಿ ಒಗೆದರು. ಹಿಂಗಾಲಿಗೆ ಬಡಿಯಿತು. ನರಿ ಕುಂಯ್ ಎಂದು ಕುಂಟುತ್ತ ಬೇಲಿಯವರೆಗೆ ಓಡಿ, ಅಲ್ಲಿ ನಿಂತು ತಿರುಗಿ ನೋಡಿತು.

"ಹೋಗಲೇ ಮೂಳಾ! ಇನ್ನೊಮ್ಮೆ ಈ ಕಡೆ ಹಣಿಕಿ ಹಾಕಿದ್ರ ನೋಡು!" ಅತ್ತೆಯ ಬಾಯಿಂದ ಅಂಥ ಕೂಗು ನಾನು ಕೇಳಿದ್ದು ಅದೇ ಮೊದಲು. ನರಿ ತಂತಿಯಡಿ ನುಸುಳಿ ಹೋಯಿತು. ಕೋಲಿಲ್ಲದೆ ಅವರಿಗೆ ನಿಲ್ಲಲಾಗುತ್ತಿರಲಿಲ್ಲ. ತೋಳು ಹಿಡಿದು ಒಳಗೆ ಕರೆತಂದೆ. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಜೊತೆಗೇ ನಾಳೆಯ ಬೆಳಗೂ ನೆನಪಾಯಿತು.

ಅದರ ಮರುದಿನ ನರಿ ಬರಲಿಲ್ಲ, ಮುಂದೆಯೂ ಬರಲಿಲ್ಲ. ಕಾಕಾ ಬೇಲಿ ಕಟ್ಟಿಸಿದರು. ಮಗು ಈಗ ಹಿತ್ತಲ ತುಂಬ ನಡೆಯುತ್ತದೆ. ನಾನು ಮೊದಲಿನಂತೆ ಚಹಾ ಹಿಡಿದು ಅತ್ತೆಯ ಕೋಣೆಗೆ ಹೋಗುತ್ತೇನೆ. ಬೇಲಿ ಕಟ್ಟಿದ ಆ ವಾರ ಒಂದು ಬೆಳಗ್ಗೆ ಅವರು ಗೋಡೆಯ ಕಡೆ ತಿರುಗಿಯೇ ಕೇಳಿದರು.

"ಬಂದಿತ್ತೇನವಾ?"

"ಇಲ್ರಿ ಅತ್ತಿ."

"ಛಲೋ ಆತು." ಚಹಾ ಆರುತ್ತಿತ್ತು. ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಟ್ಟೆ. ಆಮೇಲೆ ಅವರೇ ಅಂದರು: "ಪಾಪ, ಅವತ್ತ ಯಾರ ಮಾರಿ ನೋಡಿ ಎದ್ದಿತ್ತೋ ಏನೋ ಅದು."