ಮಾವನ ಸೊಂಟ ತಿರುಗಿದ್ದು

ನಮ್ಮ ಮಾವನ ಎರಡೂ ಪಾದಗಳ ಹೊರಮಗ್ಗುಲಲ್ಲಿ, ಕಾಲಿನ ಗಿಣ್ಣು ಉಬ್ಬಿರುವ ಜಾಗದಲ್ಲಿ, ಅಡಿಕೆ ಗಾತ್ರದ ಒಂದೊಂದು ಕಪ್ಪು ಗಂಟಿತ್ತು. ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ಆಯುಷ್ಯವಿಡೀ ಚಕ್ಕಳಮಕ್ಕಳ ಹಾಕಿ ಕೂತು ಸಂಪಾದಿಸಿದ ಗಂಟುಗಳು ಅವು. ಅವರು ಸಂಪಾದಿಸಿದ ಬೇರೆ ಗಂಟಿನ ವಿಷಯ ಅಳಿಯನಾದ ನನಗೂ ಗೊತ್ತಾಗಲಿಲ್ಲ. ಈ ಎರಡನ್ನು ಮಾತ್ರ ಅವರು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ.

ಕೂರುವುದು ಅವರಿಗೆ ಒಂದು ಘನತೆಯ ವಿಷಯವಾಗಿತ್ತು. "ನಿಂತು ವ್ಯಾಪಾರ ಮಾಡಿದ್ರೆ ಗಿರಾಕಿಗೆ ಬೇಗ ಹೋಗಪ್ಪಾ ಅಂದಂಗೆ ರೀ" ಎನ್ನುತ್ತಿದ್ದರು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಸಂಬಳದ ಬಗ್ಗೆ ಕೇಳಲಿಲ್ಲ. ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಎಂದಾಗ, "ದಿನಾ ಕುರ್ಚಿ ಮ್ಯಾಲೇನಾ?" ಎಂದು ಕೇಳಿ, ಹೌದೆಂದಾಗ ಕನಿಕರದಿಂದ ನೋಡಿದರು. ಆದರೂ ಹೆಣ್ಣು ಕೊಟ್ಟರು.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಅವರ ಸೊಂಟ ಹಿಡಿದುಕೊಂಡಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, ಮೂಳೆಗೇನೂ ಆಗಿಲ್ಲ, ಕೂತು ಕೂತು ಮೈ ಬಿಗಿದುಹೋಗಿದೆ, ನೆಲದ ಮೇಲೆ ಕೂರುವುದು ಬಿಟ್ಟು ನಡೆದಾಡಿ ಎಂದರು. ಅಂಗಡಿಯಲ್ಲಿ ಗಾದಿಯ ಪಕ್ಕ ಕುರ್ಚಿ ಬಂತು. ಹೊಸ ಗಿರಾಕಿಗಳು ಅವರನ್ನೂ ಗಿರಾಕಿ ಎಂದುಕೊಂಡು, "ಸ್ವಲ್ಪ ಸರೀರಿ ಯಜಮಾನ್ರೆ, ನಿಮ್ದಾದ ಮ್ಯಾಲೆ ನಮ್ದು" ಎನ್ನತೊಡಗಿದರು. ಇದನ್ನು ಮಾವ ಹೇಗೋ ಸಹಿಸಿಕೊಂಡರು. ಸಹಿಸಲಾಗದೇ ಹೋದದ್ದು ಬೆಳಗಿನ ಲಿಂಗಪೂಜೆ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಮಣೆಯ ಮೇಲೆ ಅಲ್ಲಾಡದೆ ಕೂರುತ್ತಿದ್ದ ಮನುಷ್ಯ ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಪೂಜೆ ಮಾಡಬೇಕಿತ್ತು.

"ಬಸ್‌ಸ್ಟ್ಯಾಂಡಿನಾಗೆ ಕೂತು ಪೂಜೆ ಮಾಡಿದಂಗಾಗ್ತೈತೆ ರೀ" ಎಂದು ಒಂದು ದಿನ ನನ್ನ ಮುಂದೆ ಹೇಳಿಬಿಟ್ಟರು. "ನಂಗೆ ಬ್ಯಾರೆ ಏನೂ ಬ್ಯಾಡ. ಮೊದ್ಲಿನಂಗೆ ಕೆಳಗೆ ಕೂತು ಪೂಜೆ ಮಾಡಿದ್ರೆ ಸಾಕು." ಯಾರ ಮುಂದೆಯೂ ಏನನ್ನೂ ಬೇಡದವರು ಹೀಗೆ ಹೇಳಿದ್ದು ಕೇಳಿ ನನಗೆ ಸಂಕಟವಾಯಿತು.

ನಡೆದಾಡುವ ಪ್ರಯೋಗ ಬೇಗ ಮುಗಿಯಿತು. ವಿನೋಬನಗರದ ಅವರ ಮನೆಯಿಂದ ಹೊರಬಿದ್ದರೆ ಪ್ರತಿ ಬಾಗಿಲಿನಿಂದಲೂ "ಎಲ್ಲಿಗೆ ಹೊಂಟ್ರಿ?" ಎಂಬ ಪ್ರಶ್ನೆ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎನ್ನಲು ವ್ಯಾಪಾರಸ್ಥರ ನಾಲಿಗೆ ಏಳಲಿಲ್ಲ. "ಹಾಲು ತರಾಕೆ" ಎಂದರು. ಅಂದ ಮೇಲೆ ತರಬೇಕಲ್ಲ. ವಾರ ಕಳೆಯುವಷ್ಟರಲ್ಲಿ ಆ ಮನೆಯಲ್ಲಿ ಮೊಸರು, ಮಜ್ಜಿಗೆ, ಬೆಣ್ಣೆ ಉಕ್ಕಿ ಹರಿದು, ನಮ್ಮ ಅತ್ತೆ ಕೈಮುಗಿದು ವಾಯುವಿಹಾರವನ್ನು ನಿಲ್ಲಿಸಿದರು.

ಆಗ ಬಂದದ್ದು ಗಾಲ್ಫ್.

ನಮ್ಮ ಕಾರ್ಖಾನೆಯ ಕಾಲೋನಿಯಲ್ಲಿ, ತುಂಗಭದ್ರೆಯ ದಂಡೆಯ ಕಡೆಗೆ, ಗಾಲ್ಫ್ ಆಡಲೆಂದು ಹುಲ್ಲು ಬೆಳೆಸಿದ ಒಂದು ಸಣ್ಣ ಬಯಲಿತ್ತು. ನಮ್ಮ ವಿಭಾಗದ ಸಾಹೇಬರಿಗೆ ಆ ಆಟದ ಹುಚ್ಚು. ಅವರ ಕೈಕೆಳಗಿನವರೆಲ್ಲ ಕಲಿಯಲೇಬೇಕು. ನಾನೂ ಕಲಿತಿದ್ದೆ, ಎಂದರೆ ಪಾಠವೆಲ್ಲ ಬಾಯಿಗೆ ಬರುತ್ತಿತ್ತು, ಚೆಂಡು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಕ್ವಾರ್ಟರ್ಸಿಗೆ ಬಂದಿದ್ದ ಮಾವ ಬೇಲಿಯ ಪಕ್ಕ ನಿಂತು ಸಾಹೇಬರ ಸ್ವಿಂಗ್ ನೋಡಿದರು. ಸಾಹೇಬರು ಕೋಲು ಹಿಂದಕ್ಕೆತ್ತಿ, ಮೈಯನ್ನು ಪೂರ್ತಿ ತಿರುಚಿ, ಒಮ್ಮೆಗೇ ಬಿಚ್ಚಿದರು. ಚೆಂಡು ಎಲ್ಲಿ ಹೋಯಿತೆಂದು ನಾನು ನೋಡುತ್ತಿದ್ದರೆ ಮಾವ ಸಾಹೇಬರ ಸೊಂಟವನ್ನೇ ನೋಡುತ್ತಿದ್ದರು.

"ಅವ್ರಿಗೆ ವಯಸ್ಸೆಷ್ಟ್ರಿ?"

"ನಿಮಗಿಂತ ಒಂದೆರಡು ವರ್ಷ ದೊಡ್ಡವರು, ಮಾವ."

ಮನೆಗೆ ಬಂದು ಚಹಾ ಕುಡಿದರು. ಆಮೇಲೆ ಹೇಳಿದರು: "ಅಳಿಯಂದ್ರೆ, ನಂಗೂ ಅದನ್ನ ಕಲಿಸ್ರಿ. ಆ ಚೆಂಡು ಗಿಂಡು ಬ್ಯಾಡ. ಆ ತಿರುಗೋದು ಐತಲ್ಲ, ಅಷ್ಟು ಸಾಕು." ಡಾಕ್ಟರನ್ನು ಕೇಳಿದೆ. ಮೆಲ್ಲಗೆ ಮಾಡಲಿ, ನೋವಾದರೆ ಬಿಡಲಿ ಎಂದರು.

ಹೀಗೆ ಪ್ರತಿ ಭಾನುವಾರ ಪಾಠ ಶುರುವಾಯಿತು. ಎಡವಟ್ಟು ಇದ್ದದ್ದು ಗುರುಶಿಷ್ಯರ ಸಂಬಂಧದಲ್ಲೇ. ನಮ್ಮ ಕಡೆ ಅಳಿಯ ಎಂದರೆ ಮಾವ ಎದ್ದು ನಿಂತು ಬರಮಾಡಿಕೊಳ್ಳಬೇಕಾದವನು. ಮಾವ ಎಂದರೆ ಅವರ ಎದುರಿಗೆ ಅಳಿಯ ಕಾಲ ಮೇಲೆ ಕಾಲು ಹಾಕಬಾರದು. ಹೀಗಿರುವಾಗ ಮಾವನಿಗೆ "ನಿಮ್ಮ ಹಿಂಭಾಗ ಸ್ವಲ್ಪ ಹೊರಗೆ ತಳ್ಳಿ" ಎಂದು ಯಾವ ಬಾಯಿಂದ ಹೇಳುವುದು? "ಮಾವ, ತಾವು ಸ್ವಲ್ಪ ಹಿಂದಕ್ಕೆ... ಅಂದರೆ ಕುರ್ಚಿ ಇದ್ದಿದ್ದರೆ ಕೂರುತ್ತಿದ್ದಿರಲ್ಲ, ಹಾಗೆ..." ಎಂದು ತಡವರಿಸುತ್ತಿದ್ದೆ. "ಆಗ್ಲಿ ಅಳಿಯಂದ್ರೆ" ಎಂದು ಅವರು ಗೌರವದಿಂದ ಒಪ್ಪಿ, ಮೊದಲಿದ್ದ ಹಾಗೇ ನಿಂತಿರುತ್ತಿದ್ದರು.

ತಲೆಗೆ ಮಾತ್ರ ಎಲ್ಲವೂ ನನಗಿಂತ ಚೆನ್ನಾಗಿ ಹತ್ತಿತ್ತು. ಕೋಲು ಹಿಂದೆ ಹೋಗುವಾಗ ಭುಜ ತಿರುಗಿ ಸೊಂಟವನ್ನು ಎಳೆದುಕೊಳ್ಳಬೇಕು, ಭಾರ ಬಲಗಾಲಿಗೆ ಬರಬೇಕು. ಮುಂದೆ ಬರುವಾಗ ಸೊಂಟವೇ ಮೊದಲು, ಆಮೇಲೆ ಭುಜ, ಕೈ ಕಟ್ಟಕಡೆಗೆ. ಇದನ್ನು ಕೇಳಿ ಅವರು, "ಬಟ್ಟೆ ತಾನು ಸುತ್ತಿದಂಗೆ ಮೈ ಸುತ್ಕೋಬೇಕು, ಗಿರಾಕಿ ಮುಂದೆ ಬಿಚ್ಚಿದಂಗೆ ಬಿಚ್ಚಬೇಕು, ಹೌದಲ್ರಿ?" ಎಂದರು. ಹೌದು. ಆದರೆ ಕೋಲು ಕೈಗೆ ಬಂದೊಡನೆ ಹೊಟ್ಟೆ ಬಿಗಿಹಿಡಿದು, ಸೊಂಟದಿಂದ ಕೆಳಗೆ ಕಲ್ಲುಕಂಬವಾಗಿ, ಬರೀ ಕೈಯಿಂದ ನೆಲಕ್ಕೆ ಅಪ್ಪಳಿಸುವರು. ಭಾನುವಾರದಿಂದ ಭಾನುವಾರಕ್ಕೆ ಹುಲ್ಲಿನಲ್ಲಿ ಗುಂಡಿಗಳು ಹೆಚ್ಚುತ್ತಿದ್ದವು. ಸಾಹೇಬರು ನನ್ನನ್ನು ನೋಡುವ ನೋಟ ಬದಲಾಗುತ್ತಿತ್ತು.

ವಾರದ ನಡುವೆ ಅಂಗಡಿಯಲ್ಲಿ ಅಭ್ಯಾಸ ನಡೆಯುತ್ತಿತ್ತು, ಮೀಟರ್ ಕೋಲಿನಲ್ಲಿ. ಕುಕ್ಕುವಾಡದಿಂದ ಮದುವೆ ಜವಳಿಗೆ ಬಂದ ಒಂದು ಕುಟುಂಬ, ಯಜಮಾನರು ಕುರ್ಚಿಯಿಂದೆದ್ದು ಕೋಲು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ್ದನ್ನು ನೋಡಿ ಬೆಚ್ಚಿತಂತೆ. ರೇಟು ಜಾಸ್ತಿಯಾಯಿತು ಎಂದು ಅದೇ ತಾನೇ ಹೇಳಿದ್ದ ಮದುವೆಗಂಡು ತಲೆ ತಗ್ಗಿಸಿ, "ಆಗ್ಲಿ ಬಿಡ್ರಿ, ನೀವು ಹೇಳಿದ್ದೇ ಕೊಡೋಣ" ಎಂದನಂತೆ. ಮಾವ ಇದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕರು. ಸೊಂಟ ಮಾತ್ರ ಒಂದಿಂಚೂ ತಿರುಗಲಿಲ್ಲ. ಪೂಜೆ ಕುರ್ಚಿಯಲ್ಲೇ ನಡೆದಿತ್ತು.

ಕೊನೆಗೊಂದು ಭಾನುವಾರ ನನ್ನ ತಾಳ್ಮೆ ಹಾರಿಹೋಯಿತು. ಅವರು ಮತ್ತೊಂದು ಗುಂಡಿ ತೋಡಲು ಕೋಲೆತ್ತಿದ್ದರು. ಹಿಂದಿನಿಂದ ಹೋಗಿ ಎರಡೂ ಕೈಯಿಂದ ಸೊಂಟ ಹಿಡಿದು ಬಲಕ್ಕೆ ತಿರುವಿಯೇಬಿಟ್ಟೆ. ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದ ನನ್ನ ಹೆಂಡತಿ ದಾರಿಯಲ್ಲೇ ನಿಂತಳು. ಮಾವ ಕೋಲನ್ನು ಎಸೆದು, ಎರಡೂ ಕೈಯಿಂದ ಉಟ್ಟಿದ್ದ ದುಂಡುಪಂಚೆಯನ್ನು ಹಿಡಿದುಕೊಂಡು ಕೂಗಿದರು: "ಬಿಡ್ರಿ! ಬಿಡ್ರೀ ಅಳಿಯಂದ್ರೆ, ಪಂಚೆ!"

ನಿಜ ಹೊರಬಿದ್ದದ್ದು ಆಗ. "ಸೊಂಟ ತಿರುಗಿಸಿದ್ರೆ ಪಂಚೆ ನಿಲ್ಲಂಗಿಲ್ಲ ರೀ. ಅದ್ಕೇ ಹೊಟ್ಟಿ ಬಿಗಿ ಹಿಡ್ಕಂಡಿರ್ತೀನಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ, ಮಾವ?"

"ಪಂಚೆ ಉದುರ್ತೈತೆ ಅಂತ ಅಳಿಯನ ಮುಂದೆ ಹೇಳಾಕೆ ಆಗ್ತೈತೇನ್ರಿ?"

ನಾನು ಹಿಂಭಾಗ ಎನ್ನಲು ನಾಚಿದ್ದೆ, ಅವರು ಪಂಚೆ ಎನ್ನಲು ನಾಚಿದ್ದರು. ನಮ್ಮಿಬ್ಬರ ಮರ್ಯಾದೆಯಲ್ಲಿ ಇಡೀ ಬೇಸಿಗೆ ಕಳೆದುಹೋಗಿತ್ತು.

ಪ್ಯಾಂಟು ಹಾಕಿಕೊಳ್ಳಿ ಎಂದೆ. "ಅದು ನೌಕರಿ ಮಾಡೋರಿಗೆ ರೀ" ಎಂದರು. ಆದರೆ ಮುಂದಿನ ಭಾನುವಾರ ಪಾಠವೂ ಬೇಡವೆಂದು ಕುಳಿತವರು ಅದರ ಮುಂದಿನ ವಾರ ಸೋತರು. ಅಂಗಡಿಯ ಒಳಕೋಣೆಯಲ್ಲಿ ತಮ್ಮ ಅಳತೆ ತಾವೇ ತೆಗೆದುಕೊಂಡು, ಅಳಿಯನಿಗೆ ಎಂದು ಟೈಲರನಿಗೆ ಸುಳ್ಳು ಹೇಳಿ ಹೊಲಿಸಿದರು. ಆಮೇಲೊಮ್ಮೆ ಆ ಟೈಲರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ರಿ, ಹಿಂಗೆ ಇಳಿದುಬಿಟ್ರಲ್ಲ, ಸಕ್ರೆ ಕಾಯ್ಲೆ ಏನಾರ?" ಎಂದು ವಿಚಾರಿಸಿದ. ಚೌಕಿಪೇಟೆಯ ಯಾರ ಕಣ್ಣಿಗೂ ಬೀಳಬಾರದೆಂದು ಮಾವ ಪ್ಯಾಂಟಿನ ಮೇಲೆ ಪಂಚೆ ಉಟ್ಟುಕೊಂಡು, ಬೆವರು ಸುರಿಸುತ್ತ, ಅತ್ತೆಯ ಜೊತೆ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಬಂದರು. ಬೇಲಿಯ ಮರೆಯಲ್ಲಿ ಪಂಚೆ ಬಿಚ್ಚಿ ಮಡಚಿ ನನ್ನ ಹೆಂಡತಿಯ ಕೈಗೆ ಕೊಟ್ಟರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಗಂಡನ ಕಾಲುಗಳು ಎರಡು ಬೇರೆ ಬೇರೆ ಇರುವುದನ್ನು ಮೊದಲ ಸಲ ಕಂಡ ನಮ್ಮ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದರು.

"ಹಿಡಿಯಲಾ, ಮಾವ?"

"ಹಿಡೀರಿ. ಇನ್ನೇನು ಉಳಿದೈತೆ."

ಹಿಡಿದೆ. ಹೊಟ್ಟೆ ಸಡಿಲವಾದದ್ದು ನನ್ನ ಕೈಗೇ ತಿಳಿಯಿತು. ಸೊಂಟ, ತುಕ್ಕು ಹಿಡಿದ ಬಾಗಿಲಿನಂತೆ ಮೊದಲು ಒಲ್ಲೆನೆಂದು, ಆಮೇಲೆ ತಿರುಗಿತು. ಚೆಂಡು ಅಡ್ಡಡ್ಡ ಉರುಳಿ ಬೇಲಿಯ ಬುಡದಲ್ಲಿ ಮಲಗಿದ್ದ ನಾಯಿಯ ಹತ್ತಿರ ನಿಂತಿತು. ನಾಯಿ ಏಳಲೂ ಇಲ್ಲ. ಮಾವ ಚೆಂಡಿನ ಕಡೆ ನೋಡದೆ, ಸೊಂಟದ ಎಡಬದಿಯನ್ನು ಒತ್ತಿಕೊಂಡು, "ಇಲ್ಲೇನೋ ಬಿಟ್ಕಂತು ನೋಡ್ರಿ" ಎಂದರು. ಅವರ ಮುಖದಲ್ಲಿ ಆಗ ಮೂಡಿದ ಸಂತೋಷಕ್ಕಾಗಿ ನಾನು ಇನ್ನೊಂದು ಬೇಸಿಗೆಯನ್ನೂ ಕಳೆಯಲು ಸಿದ್ಧನಿದ್ದೆ.

ಕಳೆದೆ ಕೂಡ. ಅವರ ಚೆಂಡು ಕೊನೆಯವರೆಗೂ ನೆಟ್ಟಗೆ ಹೋಗಲಿಲ್ಲ. ಸಾಹೇಬರು ತಿದ್ದಲು ಬಂದರೆ, "ಚೆಂಡಿಗೇನು ಸಾರ್, ಅದ್ರ ಇಷ್ಟ. ನಾ ತಿರುಗಿದ್ನೋ ಇಲ್ಲೋ ಅಷ್ಟ್ ಹೇಳ್ರಿ" ಎನ್ನುತ್ತಿದ್ದರು. ಹುಲ್ಲಿನ ಗುಂಡಿಗಳು ಕಡಿಮೆಯಾದ ಮೇಲೆ ಸಾಹೇಬರೂ ಅವರನ್ನು ಇಷ್ಟಪಟ್ಟರು.

ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅತ್ತೆಯ ಫೋನು ಬಂತು.

"ನಿಮ್ಮ ಮಾವಾರು ಕೆಳಗೆ ಕೂತಾರೆ ರೀ."

"ಬಿದ್ದರಾ?"

"ಬಿದ್ದಿಲ್ಲ, ಕೂತಾರೆ. ಮಣಿ ಮ್ಯಾಲೆ. ಪೂಜಿಗೆ."

"ಏಳೋಕೆ ಆಗ್ತಿಲ್ಲವಾ?"

"ಏಳಾಕೆ ಮನಸ್ಸಿಲ್ಲ" ಎಂದು ಅತ್ತೆ ಅತ್ತುಬಿಟ್ಟರು. ನಾನೂ ರಿಸೀವರ್ ಹಿಡಿದುಕೊಂಡು ಕಣ್ಣೊರೆಸಿಕೊಂಡೆ. ಆ ಕಡೆಯಿಂದ ಮಾವ "ಯಾರಿಗದು ಫೋನು? ಪೂಜಿಗೆ ಕೂತಾಗ ಗದ್ಲ ಬ್ಯಾಡ" ಎಂದು ಗದರಿದ್ದು ಕೇಳಿಸಿತು.

ಅಂಗಡಿಯ ಗಾದಿಗೂ ಮರಳಿದರು. ಆದರೆ ಆಗಾಗ ಎದ್ದು ನಿಂತು ಮೀಟರ್ ಕೋಲು ಹಿಡಿದು ಎರಡು ಸಲ ತಿರುಗಿ ಕೂರುತ್ತಿದ್ದರು. ಹಳೆಯ ಗಿರಾಕಿಗಳು ತಲೆ ತಗ್ಗಿಸುವುದನ್ನು ಅಭ್ಯಾಸ ಮಾಡಿಕೊಂಡರು. ಭಾನುವಾರಗಳು ನಾನು ಆ ಕಾರ್ಖಾನೆ ಬಿಡುವವರೆಗೂ ನಡೆದವು.

ಅವರು ಲಿಂಗೈಕ್ಯರಾದದ್ದು ಅದಾಗಿ ಬಹಳ ವರ್ಷಗಳ ಮೇಲೆ, ನಿದ್ದೆಯಲ್ಲಿ. ನಮ್ಮಲ್ಲಿ ಹೋದವರನ್ನು ಮಲಗಿಸಿ ಕಳಿಸುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂಡಿಸಿ ಕಳಿಸುತ್ತೇವೆ. ಕೂಡಿಸಲು ಬಂದ ಹಿರಿಯರಿಗೆ ಅವರ ಹಳೆಯ ಸೊಂಟದ ಕಥೆ ನೆನಪಿತ್ತು. ಹಗ್ಗ ತಂದರು, ಬೆನ್ನಿಗೆ ಆನಿಸಲು ಹಲಗೆ ತಂದರು, ಬಗ್ಗುತ್ತದೋ ಇಲ್ಲವೋ ಎಂದು ಪಿಸುಗುಟ್ಟಿದರು. ಮೂಲೆಯಲ್ಲಿ ಕೂತಿದ್ದ ಅತ್ತೆ, "ಅಳಿಯಂದ್ರನ್ನ ಕರೀರಿ, ಅವ್ರಿಗೆ ಗೊತ್ತೈತೆ" ಎಂದರು.

ನನ್ನ ತಂದೆ ನಾನು ಕೂಸಾಗಿದ್ದಾಗಲೇ ತೀರಿಕೊಂಡವರು. ಅವರ ಮೈ ಮುಟ್ಟಿದ ನೆನಪಿಲ್ಲ. ಹಿರಿಯರೆಂದು ನಾನು ಎರಡೂ ಕೈಯಲ್ಲಿ ಹಿಡಿದದ್ದು ಈ ಒಬ್ಬರನ್ನೇ, ಹಾಗೆ ಹಿಡಿಯಗೊಟ್ಟ ಋಣ ದೊಡ್ಡದು. ಅವರ ಹಿಂದೆ ಮಂಡಿಯೂರಿ ಸೊಂಟಕ್ಕೆ ಕೈ ಕೊಟ್ಟು, ಮೆಲ್ಲಗೆ ಬಲಕ್ಕೆ ತಂದು, ಎಡಕ್ಕೆ ಬಿಟ್ಟೆ. ಮಾವ ಸಲೀಸಾಗಿ ಕೂತರು. ಯಾರೋ ಹಗ್ಗವನ್ನು ಹೊರಗೊಯ್ದರು. ನಾನು ಮಾತ್ರ ಹಿಡಿದ ಕೈ ತೆಗೆದಿರಲಿಲ್ಲ. ಕೊನೆಗೆ ಅತ್ತೆಯೇ ಹತ್ತಿರ ಬಂದು ಹೇಳಬೇಕಾಯಿತು: "ಸಾಕು ಬಿಡ್ರಿ ಅಳಿಯಂದ್ರೆ. ಕೂತಾರೆ."