ನಾನೇ ನಿಧಾನ ಮಾಡಿಕೊಂಡ ವೈಫೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮನೆಯ ನೆಟ್ ಕೆಟ್ಟಿರಲಿಲ್ಲ, ಕೆಡಿಸಿದ್ದು ನಾನು. ಅದೂ ಒಂದು ಸಲವಲ್ಲ. ಸುಮಾರು ಒಂದೂವರೆ ತಿಂಗಳು, ದಿನಾ ಸಂಜೆ ಆರಕ್ಕೆ, ದೇವರ ದೀಪ ಹಚ್ಚುವವರ ನಿಷ್ಠೆಯಲ್ಲಿ ಕೆಡಿಸಿದೆ.

ಅಬ್ಬಿಗೆರೆಯಲ್ಲಿ ಟೆರೇಸಿನ ಮೇಲೊಂದು ರೂಮು. ಇಬ್ಬರಿಗೆಂದು ಹಿಡಿದದ್ದು, ಜೊತೆಗಿದ್ದವನು ಮದುವೆಯಾಗಿ ಹುಣಸಮಾರನಹಳ್ಳಿಗೆ ಹೋದ ಮೇಲೆ ನನಗೊಬ್ಬನಿಗೇ ಉಳಿಯಿತು. ಯಶವಂತಪುರದ ಒಂದು ಸ್ಟುಡಿಯೋಗೆ ಮದುವೆ ಆಲ್ಬಮ್ ಜೋಡಿಸಿ ನೆಟ್‌ನಲ್ಲಿ ಕಳಿಸುವುದು ನನ್ನ ಕೆಲಸ. ಬೆಳಗಿನಿಂದ ಕಣ್ಣ ಮುಂದೆ ಸಾಲು ಸಾಲು ಜನ ಎಲೆ ಹಾಸಿಕೊಂಡು ಊಟಕ್ಕೆ ಕೂತಿರುತ್ತಿದ್ದರು. ನಾನು ಆರಿದ ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು ಅವರಿಗೆಲ್ಲ ಬಣ್ಣ ತಿದ್ದುತ್ತಿದ್ದೆ.

ಕಂಡವರ ದನಿ ಕದಿಯುವ ಚಾಳಿ ನನಗೆ ಸ್ಕೂಲಿನಿಂದಲೇ ಇದೆ. ಗೊರಗುಂಟೆಪಾಳ್ಯದಲ್ಲಿ "ಒಳಗ್ ಹೋಗ್ರೀ, ಒಳಗೇನ್ ಹುಲಿ ಇದ್ಯಾ?" ಎಂದು ಕೂಗುವ ಕಂಡಕ್ಟರನ್ನು ರೂಮಿಗೆ ಕರೆತರುತ್ತಿದ್ದೆ, ಅವನ ಜೊತೆ ಜಗಳವಾಡುವ ಹೆಂಗಸನ್ನೂ ಕರೆತರುತ್ತಿದ್ದೆ. ಇಬ್ಬರೂ ನಾನೇ. ಜಗಳ ಮುಗಿದ ಮೇಲೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಗೋಡೆ ಮಾತ್ರ ಒಂದು ದಿನವೂ ನಗಲಿಲ್ಲ.

ಫೋನಿನ ಡೇಟಾವನ್ನು ಜನ ಉಪ್ಪಿನಕಾಯಿಯಂತೆ ನೆಂಚಿಕೊಳ್ಳುತ್ತಿದ್ದ ಕಾಲ ಅದು. ನನ್ನ ನೆಟ್ಟೆಲ್ಲ ಕೆಳಗಿನ ಓನರ್ ಮನೆಯ ವೈಫೈನಿಂದ ಬರುತ್ತಿತ್ತು. ಅವರು ಆ ಊರಿನ ಹಳೇ ಒಕ್ಕಲು, ರಾಗಿ ಹೊಲದ ಮೇಲೆ ಬಿಲ್ಡಿಂಗ್ ಎಬ್ಬಿಸಿದವರು. ಗಂಡನನ್ನು ಅಣ್ಣ, ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ.

ಒಮ್ಮೆ ಲ್ಯಾಪ್‌ಟಾಪಿಗೆ ವಿಂಡೋಸ್ ಹೊಸದಾಗಿ ಹಾಕಿಸಿದೆ. ಅಂದಿನಿಂದ ನೆಟ್ ತೆವಳತೊಡಗಿತು. ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿವೆ, ಆದರೆ ಒಂದು ಆಲ್ಬಮ್ ಹೋಗಲು ಅರ್ಧ ದಿನ. ನಾನು ಪ್ರಾಮಾಣಿಕವಾಗಿಯೇ ಕೆಳಗಿಳಿದು ಹೋದೆ. ರೂಟರ್ ಹಾಲಿನಲ್ಲಿ ಫ್ರಿಜ್ಜಿನ ಮೇಲಿತ್ತು. ಅದನ್ನು ಆರಿಸಿ, ಹಚ್ಚಿ, ಹಸಿರು ದೀಪ ಬರುವವರೆಗೆ ಕಾಯಬೇಕು. ಅಕ್ಕ ಟಿವಿ ಮುಂದೆ ಅವರೆಕಾಯಿ ಸುಲಿಯುತ್ತಿದ್ದರು.

"ಏನ್ಲಾ, ನಿಂತೋಯ್ತಾ ನಿನ್ ನೆಟ್ಟು?"

ನಾನು ಕಸ್ಟಮರ್ ಕೇರ್ ಹುಡುಗಿಯ ದನಿ ತೆಗೆದೆ. "ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು. ದಯವಿಟ್ಟು ಅವರೆಕಾಯಿ ಸುಲಿಯುತ್ತಾ ಕಾಯಿರಿ."

"ಇವನ್ ಮನೆ ಕಾಯೋಗ!" ಎಂದು ಅಕ್ಕ ಮೊರ ಅಲ್ಲಾಡುವಷ್ಟು ನಕ್ಕರು. ನಾನೂ ಎರಡು ಹಿಡಿ ಕಾಯಿ ಎಳೆದುಕೊಂಡು ಕೂತೆ. ಹೀಗೆ ಕೆಲವು ಸಂಜೆ ನಡೆಯಿತು.

ಒಂದು ಮಧ್ಯಾಹ್ನ ಬುದ್ಧಿ ಬಂತು. ಅದೇ ರೂಮಿನಲ್ಲಿ ಅದೇ ವೈಫೈಗೆ ನನ್ನ ಫೋನು ಓಡುತ್ತದೆ, ಲ್ಯಾಪ್‌ಟಾಪ್ ಮಾತ್ರ ಓಡುವುದಿಲ್ಲ. ಅಂದರೆ ತಪ್ಪು ರೂಟರಿನದಲ್ಲ. ಲ್ಯಾಪ್‌ಟಾಪಿನ ವೈಫೈ ಭಾಗವನ್ನು ನಡೆಸುವ ಸಣ್ಣ ಸಾಫ್ಟ್‌ವೇರಿಗೆ ಡ್ರೈವರ್ ಎನ್ನುತ್ತಾರೆ. ವಿಂಡೋಸ್ ತನ್ನಷ್ಟಕ್ಕೆ ಯಾವುದೋ ಹಳೆಯದನ್ನು ಹಾಕಿಕೊಂಡಿತ್ತು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಸರಿಯಾದದ್ದನ್ನು ಇಳಿಸಿ ಹಾಕಿದೆ. ಅರ್ಧ ದಿನ ಹಿಡಿಯುತ್ತಿದ್ದ ಆಲ್ಬಮ್ ನಾನು ಟೀ ಕುಡಿದು ಬರುವಷ್ಟರಲ್ಲಿ ಹೋಗಿತ್ತು.

ಖುಷಿಯಿಂದ ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ. ಆಮೇಲೆ ಆರು ಗಂಟೆಯಾಯಿತು.

ಕೆಳಗೆ ಟಿವಿ ಹಚ್ಚಿದ್ದು ಕೇಳಿಸಿತು. ಅಕ್ಕ ಯಾವುದಕ್ಕೋ ನಕ್ಕರು. ನಾನು ಬಾಗಿಲಿಗೆ ಬಂದು ಮೆಟ್ಟಿಲು ನೋಡುತ್ತ ನಿಂತೆ. ಏನೆಂದು ಹೇಳಿಕೊಂಡು ಇಳಿಯುವುದು? ನೆಟ್ ಸರಿಹೋಗಿದೆ ಎಂದು ಹೇಳಲು ಒಂದು ದಿನ ಹೋಗಬಹುದು. ನಾಳೆ? ವಾಪಸ್ ಬಂದು ಅಂದಿನ ಮದುವೆಯ ಗಂಡಿನ ಮೀಸೆ ತಿದ್ದಿದೆ. ಆ ಮದುವೆಯಲ್ಲಿ ಎಲ್ಲರೂ ಯಾರದಾದರೂ ಹೆಗಲ ಮೇಲೆ ಕೈ ಹಾಕಿದ್ದರು.

ಮರುದಿನ ಸಂಜೆ ಹಳೇ ಡ್ರೈವರನ್ನೇ ಮತ್ತೆ ಹಾಕಿಕೊಂಡೆ. ನೆಟ್ ತೆವಳಿತು. ನಾನು ಓಡಿಕೊಂಡು ಕೆಳಗಿಳಿದೆ. ನೇರ ಸುಳ್ಳು ಹೇಳಬಹುದಿತ್ತಲ್ಲ, ಯಾರು ಮೇಲೆ ಬಂದು ನೋಡುತ್ತಿದ್ದರು? ಆದರೆ ಸುಳ್ಳು ಹೇಳುವುದು ತಪ್ಪೆಂಬ ಸಂಸ್ಕಾರ ನನ್ನದು! ಹಾಗಾಗಿ ಹೇಳುವ ಮೊದಲು ಅದನ್ನು ನಿಜ ಮಾಡಿಕೊಳ್ಳುತ್ತಿದ್ದೆ. ಹಗಲು ಕೆಲಸಕ್ಕೆ ಹೊಸದು, ಸಂಜೆ ಸಂಕಟಕ್ಕೆ ಹಳೆಯದು.

ಅಣ್ಣನಿಗೆ ಇದು ಮರ್ಯಾದೆಯ ಪ್ರಶ್ನೆಯಾಗಿದ್ದು ನನಗೆ ಹೊಳೆಯಲೇ ಇಲ್ಲ. "ನಮ್ಮನೆ ಬಾಡಿಗೆಗಿರೋನು ದಿನಾ ಕಷ್ಟ ಪಡ್ತಾ ಅವ್ನೆ, ನೀವೇನ್ ನೆಟ್ ಕೊಡ್ತಿದ್ದೀರಾ, ಇಲ್ಲ ಹುಡುಗಾಟ ಆಡ್ತಿದ್ದೀರಾ?" ಎಂದು ಕೇಬಲ್‌ನವನಿಗೆ ಫೋನಿನಲ್ಲಿ ಉಗಿದರು. ಒಂದು ಭಾನುವಾರ ಆ ಮನುಷ್ಯ ಏಣಿ ಹೊತ್ತು ಬಂದ. ಉರಿಬಿಸಿಲಲ್ಲಿ ಹೊಸ ವೈರು ಎಳೆದ, ಕೈ ತರಚಿಕೊಂಡ. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟರೆ ಸಂಜೆಗಳು ಹೋಗುತ್ತವೆ. ಸುಮ್ಮನೆ ಏಣಿ ಹಿಡಿದುಕೊಂಡಿದ್ದೆ.

ವೈರು ಮುಗಿಸಿ ಅವನು ಮೇಲೆ ಬಂದ, ಅಣ್ಣ ಅಕ್ಕನೂ ಹಿಂದೆ ಬಂದರು. ಅವನ ಲ್ಯಾಪ್‌ಟಾಪಿನಲ್ಲಿ ನೆಟ್ ಓಡಿತು. ಭಾನುವಾರ ಕೆಲಸವಿಲ್ಲದ್ದರಿಂದ ಹಿಂದಿನ ಸಂಜೆಯ ಹಳೇ ಡ್ರೈವರೇ ಉಳಿದಿದ್ದ ನನ್ನದರಲ್ಲಿ ಮಲಗಿತು. ಅವನು ನನ್ನದನ್ನು ಎಳೆದುಕೊಂಡು ಎಲ್ಲೆಲ್ಲೋ ಒತ್ತಿ ಒಂದು ಪಟ್ಟಿ ತೆಗೆದ. ಯಾವ ಡ್ರೈವರನ್ನು ಎಷ್ಟು ಹೊತ್ತಿಗೆ ಹಾಕಿದ್ದು ಎಂದು ಆ ದ್ರೋಹಿ ಯಂತ್ರ ಬರೆದಿಟ್ಟುಕೊಂಡಿತ್ತು.

"ಏನ್ ಗುರು ಇದು? ಬೆಳಗ್ಗೆ ಹೊಸ್ದು, ಸಂಜೆ ಆರಕ್ಕೆ ಹಳೇದು. ಮತ್ತೆ ಬೆಳಗ್ಗೆ ಹೊಸ್ದು, ಆರಕ್ಕೆ ಹಳೇದು. ದಿನಾ ಇದೇ ಇದ್ಯಲ್ಲ. ಬೇಕಂತ್ಲೇ ನಿಧಾನ ಮಾಡ್ಕೊಂಡಿದ್ದೀಯಾ?"

ಅಣ್ಣ ಕೇಬಲ್‌ನವನ ತರಚಿದ ಕೈ ನೋಡಿದರು. ಆಮೇಲೆ ನನ್ನನ್ನು. "ಯಾಕಪ್ಪಾ ಇಂಗ್ ಮಾಡ್ದೆ?"

ಕಂಡಕ್ಟರು, ಕಸ್ಟಮರ್ ಕೇರ್ ಹುಡುಗಿ, ಒಬ್ಬರೂ ನೆರವಿಗೆ ಬರಲಿಲ್ಲ. ಬಂದದ್ದು ನನ್ನದೇ ದನಿ, ತುಂಬ ಸಣ್ಣದು. "ಕೆಳಗ್ ಬರಕ್ಕೆ... ಸುಮ್ನೆ, ಅಣ್ಣ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಸುಮ್ನೆ ಬಂದ್ ಕುಂತ್ಕಳಕ್ಕೂ ಒಂದ್ ರಿಪೇರಿ ಬೇಕೇನ್ಲಾ ನಿಂಗೆ?"