ಬೀಗದಕ್ಕನ ಸೋಮವಾರದ ಪಾಠ

“ಇಪ್ಪತ್ತೆರಡು ವರ್ಷದಿಂದ ಸೊಂಟದಲ್ಲಿ ಹದಿನೇಳು ಬೀಗದಕೈ ಹೊತ್ಕೊಂಡು ಓಡಾಡ್ತಿದೀನಿ. ಬಗ್ಗಿದ್ರೂ ಚುಚ್ಚುತ್ತೆ, ಕೂತ್ರೂ ಚುಚ್ಚುತ್ತೆ. ನಮ್ಮನೆಯವರು ಇದ್ದಾಗ, ‘ನೀನು ಬರೋದು ಬೀದಿ ತುದಿಯಿಂದಲೇ ಕೇಳುತ್ತೆ, ಗಂಟೆ ಕಟ್ಟಿದ ಹಸು ಬಂದ ಹಾಗೆ’ ಅಂತಿದ್ರು. ಇಷ್ಟು ವರ್ಷದಲ್ಲಿ ಒಂದೇ ಸಲ ಒಂದು ಕಮ್ಮಿಯಾಯ್ತು. ಅದೂ ಯಾವತ್ತು ಅಂತೀರಿ, ಆ ಹುಡುಗಿ ಬಿಡುಗಡೆ ದಿನವೇ.”

ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯರನ್ನು ತಿದ್ದುವ ನಿಲಯದಲ್ಲಿ ಬೀಗ ಹಾಕಿ ತೆಗೆಯುವುದೇ ಹೀಗೆ ಹೇಳುವ ಬೀಗದಕ್ಕನ ಕೆಲಸ. ಆ ಹುಡುಗಿಯನ್ನು ಎಲ್ಲರೂ ಹೇರ್‌ಪಿನ್ ಎನ್ನುತ್ತಿದ್ದರು. ಹದಿನೈದು ವರ್ಷದವಳು, ಒಂದು ಪಿನ್ನಿನಲ್ಲಿ ಒಂಬತ್ತು ಮನೆಗಳ ಬೀಗ ತೆಗೆದಿದ್ದಳು. ಕದ್ದದ್ದೇನೂ ಇಲ್ಲ, ಒಳಗೆ ಹೋಗಿ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಹೊಡೆದು ಬರುತ್ತಿದ್ದಳಂತೆ.

ಬೀಗದಕೈ ಇಲ್ಲದೆ ಬೀಗ ಮುಟ್ಟಿದರೆ ಇನ್ನೂ ಆರು ತಿಂಗಳ ಶಿಕ್ಷೆ ಎಂಬುದು ನಿಲಯದ ನಿಯಮ. ಹುಡುಗಿ ವರ್ಷವಿಡೀ ಬಚ್ಚಲಿನ ಚಿಲಕವನ್ನೂ ಮುಟ್ಟಲಿಲ್ಲ. ಯಾರೂ ಬಾಗಿಲು ತಳ್ಳದಿರಲಿ ಎಂದು, ಒಳಗಿದ್ದಷ್ಟು ಹೊತ್ತೂ ಜೋರಾಗಿ ಮಗ್ಗಿ ಹೇಳುತ್ತಿದ್ದಳು. ಹದಿಮೂರರ ಮಗ್ಗಿ ಅಲ್ಲಿಯೇ ಬಾಯಿಪಾಠವಾಯಿತು.

ಬಿಡುಗಡೆಯ ದಿನ ತಾಯಿ ಗೇಟಿನ ಹೊರಗೆ ಬಂದು ನಿಂತಿದ್ದಳು. ಹನ್ನೆರಡರೊಳಗೆ ಕಾಗದಕ್ಕೆ ಸಹಿ ಬೀಳದಿದ್ದರೆ ಮತ್ತೆ ಮೂರು ತಿಂಗಳು ಕಾಯಬೇಕು. ಕಾಗದ ಕಬ್ಬಿಣದ ಬೀರುವಿನಲ್ಲಿತ್ತು. ಬೀರುವಿನ ಬೀಗದಕೈ ಮಾತ್ರ ಗೊಂಚಲಿನಲ್ಲಿ ಇರಲಿಲ್ಲ. ರಿಪೇರಿಯವನನ್ನು ಕರೆಸಬೇಕಾದರೆ ಅರ್ಜಿ ಹಾಕಬೇಕು, ಅರ್ಜಿಯ ಫಾರಂ ಬೀರುವಿನೊಳಗೇ ಇದೆ ಎಂದರು ನಿಲಯದ ಮೇಡಂ.

ಎಲ್ಲರ ಕಣ್ಣೂ ಹೇರ್‌ಪಿನ್ನಿನ ಮೇಲೆ ಬಿತ್ತು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನಾನಂತೂ ಮುಟ್ಟಲ್ಲ, ಮೇಡಂ.”

“ಮುಟ್ಟು ಅಂತ ನಾನೆಲ್ಲಿ ಹೇಳ್ದೆ?” ಎಂದು ಮೇಡಂ ಕಿಟಕಿಯ ಕಡೆ ತಿರುಗಿದರು.

ಹನ್ನೊಂದೂಮುಕ್ಕಾಲಾಯಿತು. ಹುಡುಗಿ ಬೀಗದಕ್ಕನ ಹತ್ತಿರ ಸರಿದಳು.

“ಅಕ್ಕ, ನೀವು ತೆಗೀರಿ. ನಾನು ಬಾಯಲ್ಲಿ ಹೇಳ್ತೀನಿ. ಬಾಯಿಗೆ ನಿಯಮ ಇಲ್ವಲ್ಲ.”

ಬೀಗದಕ್ಕ ತನ್ನ ತುರುಬಿನಿಂದಲೇ ಪಿನ್ನು ಕಿತ್ತಳು. ಬೀರುವಿನ ಬೀಗದೊಳಗೆ ತೂರಿಸಿ ತಿರುವಿದಳು. ಮೊದಲ ಪಿನ್ನು ಮುರಿಯಿತು, ಇನ್ನೊಂದು ಕಿತ್ತಳು.

“ಬೀಗದ ಜೊತೆ ಜಗಳ ಆಡ್ಬೇಡಿ ಅಕ್ಕ. ಊಟ ಬೇಡ ಅನ್ನೋ ಮಗು ಬಾಯಿ ತೆರೆಸ್ತೀವಲ್ಲ, ಹಾಗೆ. ಸ್ವಲ್ಪ ಮೇಲೆ... ಈಗ ಸುಮ್ನೆ ಕಾಯಿರಿ.”

ಕಟಕ್ ಎಂದಿತು. ಕಾಗದ ಸಿಕ್ಕಿತು, ಅದರ ಮೇಲೆಯೇ ಬೀಗದಕೈಯೂ. ಹಿಂದಿನ ಸಂಜೆ ಮೇಡಂ ಅದನ್ನು ಇಸಿದುಕೊಂಡು, ಕಾಗದ ಹಾರದಿರಲೆಂದು ಭಾರವಿಟ್ಟು ಬಾಗಿಲು ತಳ್ಳಿದ್ದರು; ಆಮೇಲೆ ಇಬ್ಬರಿಗೂ ಮರೆತುಹೋಗಿತ್ತು. ತಳ್ಳಿದರೆ ತಾನೇ ಬೀಗ ಬೀಳುವ ಬೀರು ಅದು. ಮೇಡಂ ಸಹಿ ಹಾಕಿದರು. ತಾಯಿ ಮಗಳು ಹಿಂದೆ ತಿರುಗದೆ ಹೋದರು.

ಮೇಡಂ ನಿಯಮಕ್ಕೆ ನಿಷ್ಠರು. ಬೀಗದಕೈ ಇಲ್ಲದೆ ಬೀಗ ಮುಟ್ಟಿದವರು ಯಾರೇ ಆಗಲಿ, ಶಿಕ್ಷೆ ತಪ್ಪದು ಎಂದು ನಿಯಮದಲ್ಲಿ ಬರೆದಿತ್ತು. ಹಾಗಾಗಿ ಬೀಗದಕ್ಕನಿಗೆ ಆರು ತಿಂಗಳು, ಪ್ರತಿ ಸೋಮವಾರ ಹುಡುಗಿಯರ ಜೊತೆ ಸನ್ನಡತೆಯ ಪಾಠ. ಕೊನೆಯ ಬೆಂಚಿನಲ್ಲಿ ಕೂತು, ‘ಪರರ ಬೀಗ ಮುಟ್ಟುವುದಿಲ್ಲ’ ಎಂದು ನೂರು ಸಲ ಬರೆಯುತ್ತಾಳೆ. ಕೈ ಆಡಿದಾಗೆಲ್ಲ ಸೊಂಟದ ಗೊಂಚಲು ಝಣ್ ಎನ್ನುತ್ತದೆ, ಹುಡುಗಿಯರು ಕಿಸಕ್ಕನೆ ನಗುತ್ತಾರೆ.

ಪಾಠ ಮುಗಿದ ಮೇಲೆ ಅವಳು ಎಣ್ಣೆಯ ಕುಡಿಕೆ, ಹಳೇ ಬಟ್ಟೆ ಹಿಡಿದು ಹೊರಡುತ್ತಾಳೆ. ಹದಿನೇಳು ಬೀಗಕ್ಕೂ ಒಂದೊಂದು ಹನಿ ಬಿಟ್ಟು, ಒರೆಸಿ, ಕೊನೆಗೆ ಬಚ್ಚಲಿನ ಚಿಲಕಕ್ಕೂ ಎಣ್ಣೆ ಹಚ್ಚಿ, ಎರಡು ಸಲ ಆಚೀಚೆ ಆಡಿಸುತ್ತಾಳೆ.